ಮೂರು ಗುಳಿ, ನಲವತ್ತೊಂದು ಕಾಳು

ಕಲಿಚಾ ತನ್ನ ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಂಡದ್ದನ್ನು ತಾಲ್‌ಬುಲಾಕಿನ ಜನ ಒಂದೇ ಒಂದು ಸಲ ಕಂಡಿದ್ದಾರೆ. ಅದು ಜೂನ್ ತಿಂಗಳ ಒಂದು ಬೆಳಿಗ್ಗೆ, ಶಾರ್ ಹೊಳೆಯ ದಂಡೆಯಲ್ಲಿ, ಸಾವಿರದಿನ್ನೂರು ಕುರಿಗಳೂ ಅರ್ಧ ಊರೂ ನೆರೆದಿದ್ದಾಗ. ನಾನೂ ಇದ್ದೆ. ಈ ಊರಿನ ಶಾಲೆಯಲ್ಲಿ ನಲವತ್ತು ವರ್ಷ ಗಣಿತ ಹೇಳಿಕೊಟ್ಟವನು ನಾನು. ತಪ್ಪು ಒಪ್ಪಿಕೊಳ್ಳದ ಮಂದಿಯನ್ನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ಅರ್ಧದಷ್ಟು ಜನ ನನ್ನ ಜೊತೆಯ ಮೇಷ್ಟ್ರುಗಳೇ. ಆದರೂ ಕಲಿಚಾಳ ಮುಂದೆ ಅವರೆಲ್ಲ ಎಳಸು. ಅವಳ ರೊಟ್ಟಿ ಸೀದರೆ ತಪ್ಪು ಒಲೆಯದು. ಅವಳ ಕುದುರೆ ದಾರಿ ತಪ್ಪಿದರೆ ತಪ್ಪು ದಾರಿಯದು. ಒಮ್ಮೆ ನನ್ನ ಹುಟ್ಟುಹಬ್ಬಕ್ಕೆ ಒಂದು ವಾರ ಮೊದಲೇ ಬಂದು ಊಟಕ್ಕೆ ಕೂತಳು. ತಾರೀಖು ಇವತ್ತಲ್ಲ ಎಂದರೆ, "ನಿಮ್ಮಮ್ಮಂಗೆ ಮರ್ತೋಗಿರ್ಬೇಕು ಮೇಷ್ಟ್ರೇ" ಎಂದು ಇನ್ನೊಂದು ತಟ್ಟೆ ಮಾಂಸದ ಶಾವಿಗೆ ಹಾಕಿಸಿಕೊಂಡಳು.

ಅವಳ ಕೆಲಸ ಹೊಳೆ ಅಳೆಯುವುದು. ಸರ್ಕಾರ ಮಾಸ್ಕೋದಲ್ಲಿದ್ದ ಕಾಲದಲ್ಲಿ, ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ, ಇಪ್ಪತ್ತೆರಡು ವರ್ಷದ ಹುಡುಗಿಯಾಗಿ ಆ ಕೆಲಸಕ್ಕೆ ಸೇರಿದಳು. ದೇಶ ಬೇರೆಯಾಗಿ ಸರ್ಕಾರ ನಮ್ಮದೇ ಬಿಷ್ಕೆಕ್‌ಗೆ ಬಂದ ಮೇಲೂ ಅದೇ ಕೆಲಸ, ಅದೇ ಹೊಳೆ. ದಂಡೆಯಿಂದ ದಂಡೆಗೆ ಒಂದು ದಪ್ಪ ಉಕ್ಕಿನ ತಂತಿ. ತಂತಿಯಿಂದ ಇಳಿಬಿಟ್ಟ ಒಂದು ಕಬ್ಬಿಣದ ತೂಗುಪೆಟ್ಟಿಗೆ. ಅದರಲ್ಲಿ ಕೂತು ಕೈಯಿಂದ ತಂತಿ ಎಳೆದುಕೊಳ್ಳುತ್ತ ನೀರಿನ ಮೇಲೆ ಸಾಗಬೇಕು. ಏಳು ಕಡೆ ನಿಂತು, ಉದ್ದನೆಯ ಸಲಾಕೆಯ ತುದಿಗಿದ್ದ ತಿರುಗುರೆಕ್ಕೆಯನ್ನು ನೀರಿಗೆ ಇಳಿಸಬೇಕು. ನೀರಿನ ರಭಸಕ್ಕೆ ರೆಕ್ಕೆ ಇಪ್ಪತ್ತು ಸುತ್ತು ಸುತ್ತಿದಾಗ ಪೆಟ್ಟಿಗೆಯಲ್ಲಿರುವ ಗಂಟೆ ಒಂದು ಸಲ ಟಿಣ್ ಎನ್ನುತ್ತದೆ. ನೂರು ಸೆಕೆಂಡಿನಲ್ಲಿ ಎಷ್ಟು ಟಿಣ್ ಎಂದು ಎಣಿಸಿ ಪುಸ್ತಕಕ್ಕೆ ಬರೆದರೆ ಆಯಿತು. ತಿಂಗಳಿಗೆ ನಾಲ್ಕು ಸಲ, ಹಿಮ ಕರಗುವ ಕಾಲದಲ್ಲಿ ಇನ್ನೂ ಹೆಚ್ಚು ಸಲ, ಇದನ್ನು ಮಾಡುತ್ತಿದ್ದಳು. ಮಿಕ್ಕ ನೀರೆಲ್ಲ ಅಳೆಯದೆ ಹರಿದುಹೋಗುತ್ತದೆ. ಅದು ಹೇಗಿತ್ತು, ಎಷ್ಟು ನುಗ್ಗಿತು ಎಂಬುದನ್ನೆಲ್ಲ ಈ ಒಂದಿಷ್ಟು ಟಿಣ್‌ಗಳಿಂದಲೇ ಊಹಿಸಬೇಕು.

ಕೆಲಸ ಕಲಿಸಿದವನು ತೆರೆಂತಿಚ್ ಎಂಬ ರಷ್ಯದ ಮುದುಕ. ಒಳ್ಳೆಯವನು, ಚಹಾಕ್ಕೆ ಜಾಮ್ ಹಾಕಿಕೊಂಡು ಕುಡಿಯುವವನು. ಅವನು ಅವಳಿಗೆ ಮೊದಲ ದಿನವೇ ಹೇಳಿದ್ದು ಇದು: "ನೋಡಮ್ಮಾ, ಹೊಳೆ ಒಂದೊಂದು ಸಲ ನುಗ್ಗುತ್ತೆ. ಆಗ ಗಡಿಯಾರ ಒತ್ತಬೇಡ. ಅದು ಉಸಿರು ತಗೊಂಡು ಸುಮ್ನಾಗ್ಲಿ, ಆಮೇಲೆ ಒತ್ತು. ಎಣಿಸ್ತಾ ಇರೋವಾಗ ನಡುವೆ ನುಗ್ಗಿತು ಅಂದ್ರೆ ಆ ಎಣಿಕೆ ಕೆಟ್ಟೋಯ್ತು ಅಂತ ಲೆಕ್ಕ. ಮೊದಲಿಂದ ಶುರು ಮಾಡು."

ಹೊಳೆ ಅಳೆಯುವವರೆಲ್ಲ ಹೀಗೇ ಮಾಡುತ್ತಿದ್ದರಂತೆ. ಮೋಸ ಮಾಡಬೇಕೆಂದಲ್ಲ, ಅಚ್ಚುಕಟ್ಟಾಗಿರಲಿ ಎಂದು. ಪ್ರತಿ ಸಲ ಮೂರು ಬಾರಿ ಎಣಿಸಿ ಮೂರನ್ನೂ ಬರೆಯಬೇಕೆಂಬುದು ನಿಯಮ. ಸುಮ್ಮನಾಗಲೆಂದು ಕಾದು ಎಣಿಸಿದರೆ ಮೂರೂ ಒಂದಕ್ಕೊಂದು ಹೊಂದುತ್ತವೆ: ಮೂವತ್ತಾರು, ಮೂವತ್ತಾರು, ಮೂವತ್ತೇಳು. ಮೇಲಿನವರು ನೋಡಿ ತಲೆದೂಗುತ್ತಾರೆ. ಕಾಯದೆ ಎಣಿಸಿದರೆ ಒಂದು ಮೂವತ್ತನಾಲ್ಕು, ಇನ್ನೊಂದು ನಲವತ್ತೆರಡು. ಆಗ ಮೇಲಿನವರು ಹುಬ್ಬು ಗಂಟಿಕ್ಕಿ, ಹುಡುಗಿಗೆ ಎಣಿಸಲು ಬರುವುದಿಲ್ಲ ಎನ್ನುತ್ತಾರೆ. ಹತ್ತು ವರ್ಷ ಕಲಿಚಾ ತೆರೆಂತಿಚ್ ಹೇಳಿದ ಹಾಗೆಯೇ ಕಾದಳು. ಜಿಲ್ಲೆಯಲ್ಲಿ ಅವಳ ಪುಸ್ತಕವೇ ಎಲ್ಲಕ್ಕಿಂತ ಅಚ್ಚುಕಟ್ಟು ಎಂದು ಒಂದು ಹೊಗಳಿಕೆ ಪತ್ರವೂ ಬಂತು. ಅದು ಈಗಲೂ ಅವಳ ಮನೆಯ ಗೋಡೆಯ ಮೇಲಿದೆ.

ಆಮೇಲೆ ಅವಳ ತಮ್ಮ ಎಸೆನ್‌ಕುಲನ ಕುದುರೆ ಬಿತ್ತು. ಕಲಿಚಾಳ ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ತಮ್ಮನ ಮನೆಯೇ ಅವಳ ಮನೆ. ಎಸೆನ್‌ಕುಲ್ ಕುರಿಗಾರ, ಮಾತಿನ ಮಲ್ಲ, ಅಕ್ಕನನ್ನು ರೇಗಿಸದೆ ತಿಂದ ಅನ್ನ ಅರಗದು. ಒಂದು ಮಂಗಳವಾರ ಅವನು ಮರದ ಸೇತುವೆಯ ತನಕ ಸುತ್ತಿ ಹೋಗಲು ಬೇಸರವಾಗಿ, ತಂತಿಯಿಂದ ಸ್ವಲ್ಪ ಕೆಳಗೆ, ಹೊಳೆ ಹಾಯುವ ಜಾಗದಲ್ಲಿ, ಕರುವನ್ನು ಮುಂದೆ ಬಿಟ್ಟುಕೊಂಡು ಆರಾಮಾಗಿ ದಾಟಿದ. ಆ ಶುಕ್ರವಾರ ಅದೇ ಜಾಗದಲ್ಲಿ ಬಲಿಷ್ಠ ಹೆಣ್ಣುಗುದುರೆ ಕಾಲು ತಪ್ಪಿ ಬಿದ್ದು ಕೊಚ್ಚಿಹೋಯಿತು. ಅವನು ಒಂದು ಬಂಡೆ ಹಿಡಿದು ಬದುಕಿದ. ಕಲಿಚಾ ಎರಡು ದಿನವೂ ಅಳೆದಿದ್ದಳು. ಎರಡು ದಿನವೂ ಮೂವತ್ತಾರೇ.

"ಒಂದೇ ಲೆಕ್ಕ, ಎರಡು ಹೊಳೆ. ಇದೇನ್ ಮೇಷ್ಟ್ರೇ?" ಎಂದು ಅವಳು ನನ್ನನ್ನು ಕೇಳಿದಳು. ನನಗೇನು ಗೊತ್ತು? ಸರಾಸರಿ ಒಂದೇ ಆದರೂ ಏರಿಳಿತ ಬೇರೆ ಇರಬಹುದು ಎಂದು ಪಾಠದ ಧಾಟಿಯಲ್ಲಿ ಏನೋ ಹೇಳಿದೆ. ಅವಳು ಹೂಂ ಎಂದು ಎದ್ದುಹೋದಳು.

ಮುಂದಿನ ವಾರ ನೋಡಿದರೆ ತೂಗುಪೆಟ್ಟಿಗೆಯ ಅಂಚಿಗೆ ಒಂದು ಮರದ ಹಲಗೆ ಕಟ್ಟಿದ್ದಾಳೆ. ಹಲಗೆಯಲ್ಲಿ ಮೂರು ಗುಳಿ ಕೊರೆದಿದೆ. ಪಕ್ಕದ ಚೀಲದಲ್ಲಿ ನಲವತ್ತೊಂದು ಕಾಳು. ಆ ಕಾಳುಗಳು ಯಾರವೆಂದು ಊರಿಗೆಲ್ಲ ಗೊತ್ತು: ಅವಳ ತಾಯಿ ಬಾತ್ಮಾಳವು. ಕಳೆದುಹೋದ ಹಸು ಎಲ್ಲಿದೆ, ಸೈನ್ಯಕ್ಕೆ ಹೋದ ಮಗ ಯಾವಾಗ ಬರುತ್ತಾನೆ ಎಂದು ಆ ನಲವತ್ತೊಂದು ಕಾಳುಗಳನ್ನು ಬಟ್ಟೆಯ ಮೇಲೆ ಹರಡಿ ಬಾತ್ಮಾ ಹೇಳುತ್ತಿದ್ದಳು. ಹಸು ಸಾಮಾನ್ಯವಾಗಿ ಪಕ್ಕದ ಊರಿನಲ್ಲಿಯೇ ಇರುತ್ತಿತ್ತು.

ಮಗಳು ಆ ಕಾಳುಗಳಿಂದ ಮಾಡಿದ್ದು ಬೇರೆ. ಗಂಟೆಗಳನ್ನು ಎಣಿಸುವುದಲ್ಲ, ಗಂಟೆಗಳ ನಡುವಿನ ಹೊತ್ತನ್ನು ನೋಡುವುದು. ಕುಮಿಸ್ ಕಡೆಯುವ ಮನೆಯಲ್ಲಿ ಬೆಳೆದವಳು. ಚರ್ಮದ ಚೀಲದಲ್ಲಿ ಕುದುರೆಹಾಲನ್ನು ಕೋಲಿನಿಂದ ದಿನಕ್ಕೆ ಸಾವಿರ ಏಟು ಕಡೆದು ಕಡೆದು ಆ ತಾಳ ಅವಳ ಮೈಗೇ ಹತ್ತಿತ್ತು. ಪೆಟ್ಟಿಗೆಯಲ್ಲಿ ಕೂತು ಮೊಣಕಾಲು ಅಲ್ಲಾಡಿಸುತ್ತ ಮನಸ್ಸಿನಲ್ಲೇ ಕಡೆಯುತ್ತಿದ್ದಳು. ಮೂರನೆಯ ಏಟಿಗೆ ಸರಿಯಾಗಿ ಗಂಟೆ ಬಿದ್ದರೆ ಒಂದು ಕಾಳು ನಡುಗುಳಿಗೆ. ಅದಕ್ಕೂ ಮೊದಲೇ ಬಿದ್ದರೆ, ಅಂದರೆ ನೀರು ನುಗ್ಗಿದರೆ, ಬಲಗುಳಿಗೆ. ತಡವಾಗಿ ಬಿದ್ದರೆ ಎಡಗುಳಿಗೆ. ಕಾಯುವುದಿಲ್ಲ, ಕೆಟ್ಟಿತೆಂದು ಬಿಡುವುದಿಲ್ಲ. ನಲವತ್ತೊಂದು ಕಾಳು ಮುಗಿಯುವ ತನಕ ಹೊಳೆ ಕೊಟ್ಟದ್ದನ್ನು ಕೊಟ್ಟ ಹಾಗೆಯೇ ತೆಗೆದುಕೊಳ್ಳುವುದು. ಚಳಿಗಾಲದಲ್ಲಿ ತಾಳವನ್ನು ನಿಧಾನ ಮಾಡಿಕೊಳ್ಳುತ್ತಿದ್ದಳು. ಕಾಳುಗಳೆಲ್ಲ ನಡುಗುಳಿಯಲ್ಲಿ ಗುಡ್ಡೆ ಬೀಳುತ್ತಿದ್ದವು. ಹಿಮ ಕರಗುವ ಕಾಲದಲ್ಲಿ ಎಡಕ್ಕೂ ಬಲಕ್ಕೂ ಹರಡಿಹೋಗುತ್ತಿದ್ದವು. ಆ ಮೂರು ಅಂಕಿಗಳನ್ನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದಳು. ಒಂಬತ್ತು, ಇಪ್ಪತ್ತಮೂರು, ಒಂಬತ್ತು. ಹದಿಮೂರು, ಹದಿನೈದು, ಹದಿಮೂರು.

ಮರುವರ್ಷ ತಪಾಸಣೆಗೆ ಬಂದವನೊಬ್ಬ ಹಲಗೆಯನ್ನೂ ಕಾಳನ್ನೂ ನೋಡಿ ಕೆಂಡವಾದ. "ಸರ್ಕಾರಿ ಜಾಗದಲ್ಲಿ ಶಕುನ ನೋಡ್ತೀಯೇನಮ್ಮ?" ಎಂದ. ಅವಳು ವಿವರಿಸಿದಳು. ಅವನು ಅಂಚಿನ ಬರಹದ ಮೇಲೆ ಕೆಂಪು ಗೀಟು ಎಳೆದ. ಕಾಯದೆ ಎಣಿಸಿದ ಲೆಕ್ಕವನ್ನು ಮುಖ್ಯ ಅಂಕಣದಲ್ಲಿ ಬರೆದಿದ್ದಕ್ಕೂ ಗೀಟು ಎಳೆದ: "ಹತ್ತು ವರ್ಷದಿಂದ ಇಲ್ಲದ ಏರಿಳಿತ ಈಗೆಲ್ಲಿಂದ ಬಂತು? ಹೊಳೆ ಬದಲಾಗಿಲ್ಲ, ನೀನು ಬದಲಾಗಿದ್ದೀಯ. ಮೊದಲಿನ ಹಾಗೇ ಬರಿ."

ಕೆಲಸ ಬೇಕಿತ್ತು. ಮುಖ್ಯ ಅಂಕಣದಲ್ಲಿ ಮೊದಲಿನ ಹಾಗೆಯೇ, ಹೊಳೆ ಸುಮ್ಮನಾಗಲೆಂದು ಕಾದು, ಬರೆದಳು. ಅಂಚಿನಲ್ಲಿ ಮಾತ್ರ ಪೆನ್ಸಿಲ್ ಬಿಡಲಿಲ್ಲ. ಹತ್ತೊಂಬತ್ತು ವರ್ಷ ಹೀಗೆ ನಡೆಯಿತು. ಊರವರು ಅವಳನ್ನು ಹೊಳೆಗೆ ಕಣಿ ಹೇಳುವವಳು ಎಂದು ಆಡಿಕೊಂಡರು. "ಎಜೆ, ನಿನ್ನ ಹೊಳೆಗೆ ಮದುವೆ ಯೋಗ ಇದ್ಯಾ?" ಎಂದು ಎಸೆನ್‌ಕುಲ್ ಅಕ್ಕನನ್ನು ಕೇಳುವನು; ಎಜೆ ಎಂದರೆ ನಮ್ಮಲ್ಲಿ ಅಕ್ಕ. "ಇದೆ ಕಣೋ. ನಿನ್ನ ಹೆಂಡತಿ ನಿನ್ನ ಬಿಟ್ಟು ಅದನ್ನ ಕಟ್ಕೋತಾಳಂತೆ" ಎಂದು ಅವಳು ಹೇಳುವಳು.

ಇಷ್ಟು ಗೊತ್ತಿದ್ದರೆ ಆ ಜೂನ್ ತಿಂಗಳ ಬೆಳಿಗ್ಗೆ ಅರ್ಥವಾಗುತ್ತದೆ.

ಎರಡು ಸಾವಿರದ ಮೂರರ ವಸಂತದಲ್ಲಿ ಮಂಜುಗಡ್ಡೆ ಬಡಿದು ನಮ್ಮ ಮರದ ಸೇತುವೆ ಕಿತ್ತುಹೋಯಿತು. ಬೇಸಿಗೆ ಹುಲ್ಲುಗಾವಲು ಹೊಳೆಯ ಆಚೆ. ಕುರಿಗಳನ್ನು ಹಾಯಿಸಲೇಬೇಕು, ತಡವಾದರೆ ಬೇರೆ ಊರಿನವರ ಮಂದೆ ಮೊದಲು ಹೋಗಿ ಹುಲ್ಲು ಮೇಯ್ದುಬಿಡುತ್ತದೆ. ಯಾವಾಗ ಹಾಯಬಹುದು, ಯಾವಾಗ ಬಾರದು ಎಂದು ಹೇಳಲು ಜಿಲ್ಲಾ ಕಚೇರಿಯಿಂದ ಅಸ್ಕಾತ್ ಎಂಬ ಎಂಜಿನಿಯರ್ ಬಂದ. ನನ್ನ ಹಳೆಯ ವಿದ್ಯಾರ್ಥಿಯೇ. ಭಿನ್ನರಾಶಿಯಲ್ಲಿ ಬಹಳ ಒದ್ದಾಡಿದ್ದ. ಎಂಜಿನಿಯರ್ ಆದ ಸುದ್ದಿ ಕೇಳಿದಾಗ ನನಗೆ ದೇಶದ ಬಗ್ಗೆ ಚಿಂತೆಯಾಗಿತ್ತು. ಆದರೆ ಶ್ರದ್ಧೆಯ ಹುಡುಗ. ಕಲಿಚಾಳ ಇಪ್ಪತ್ತೊಂಬತ್ತು ವರ್ಷದ ಪುಸ್ತಕಗಳನ್ನೆಲ್ಲ ಓದಿ ಒಂದು ಮಿತಿ ಕಟ್ಟಿದ್ದ: ಹೊಳೆಯ ನಡುವಿನಲ್ಲಿ ನೂರು ಸೆಕೆಂಡಿಗೆ ಗಂಟೆ ನಲವತ್ತು ಸಲ ಮೀರದಿದ್ದರೆ ಹಾಯಬಹುದು. ಆ ಅಂಕಿಯನ್ನು ದಂಡೆಯ ಕಂಬದ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ.

ಆ ಬೆಳಿಗ್ಗೆ ಕಲಿಚಾ ಅಳೆದು ಬಂದು ಪುಸ್ತಕ ಕೊಟ್ಟಳು. ಅಸ್ಕಾತ್ ಗಟ್ಟಿಯಾಗಿ ಓದಿದ: "ಮೂವತ್ತೆಂಟು, ಮೂವತ್ತೆಂಟು, ಮೂವತ್ತೊಂಬತ್ತು. ಹಾಯಬಹುದು!"

ಮಂದೆಯವರೆಲ್ಲ ಎದ್ದರು. ಮೊದಲು ಹೊರಟವನು ಎಸೆನ್‌ಕುಲ್. ಅವನ ಹೆಂಡತಿ ಒಂದು ಕುದುರೆಯ ಮೇಲೆ, ಸೊಸೆ ಇನ್ನೊಂದರ ಮೇಲೆ. ಸೊಸೆಯ ಜೀನಿನ ಮುಂದೆ ಅಡ್ಡಲಾಗಿ ಬಿಗಿದ ತೊಟ್ಟಿಲು, ತೊಟ್ಟಿಲಿನಲ್ಲಿ ಆರು ತಿಂಗಳ ಮೊಮ್ಮಗ. ಬಟ್ಟೆಪಟ್ಟಿಗಳಿಂದ ಬಿಗಿದು ಕಟ್ಟಿದ್ದರಿಂದ ಮೂಗು ಮಾತ್ರ ಕಾಣುತ್ತಿತ್ತು.

"ಎಜೆ, ಕಾಳು ಏನಂತಾವೆ? ಎರಡನೇ ಹೆಂಡ್ತಿ ಸಿಗ್ತಾಳಾ ಆಚೆ ಕಡೆ?" ಎಂದು ಎಸೆನ್‌ಕುಲ್ ಕುದುರೆಯ ಮೇಲಿಂದ ಕೂಗಿದ.

ಕಲಿಚಾ ತೊಟ್ಟಿಲನ್ನೇ ನೋಡುತ್ತಿದ್ದಳು. ಅವಳು ಹೋಗಿ ತಮ್ಮನ ಕುದುರೆಯ ಲಗಾಮು ಹಿಡಿದಳು.

"ಇಳಿ."

"ಯಾಕೆ?"

"ಇಳಿಯೋ ಅಂದ್ರೆ ಇಳಿ. ಹದಿನಾಲ್ಕು, ಹನ್ನೊಂದು, ಹದಿನಾರು. ಬಲಗುಳೀಲಿ ಹದಿನಾರು ಬಿದ್ದಿದೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲಾನೂ ಇಷ್ಟು ಬಿದ್ದಿಲ್ಲ."

ಜನ ನಕ್ಕರು. ಅಸ್ಕಾತ್ ಮುಂದೆ ಬಂದ. "ಕಲಿಚಾ ಎಜೆ, ದಯವಿಟ್ಟು. ಈ ಲೆಕ್ಕ ನೀವೇ ಕೊಟ್ಟಿದ್ದು. ಮೂವತ್ತೆಂಟು ಅಂತ ನಿಮ್ಮ ಕೈಯಲ್ಲೇ ಬರ್ದಿದ್ದೀರ."

"ಬರ್ದಿದ್ದೀನಿ. ಅದು ಸುಳ್ಳು."

"ಏನು?"

"ಸುಳ್ಳು ಲೆಕ್ಕ ಕಣಪ್ಪಾ. ಇವತ್ತಿಂದಲ್ಲ, ಇಪ್ಪತ್ತೊಂಬತ್ತು ವರ್ಷದಿಂದ." ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. "ಹೊಳೆ ಸುಮ್ನಾಗ್ಲಿ ಅಂತ ಕಾದು ಗಡಿಯಾರ ಒತ್ತಿದ್ದೀನಿ. ನುಗ್ಗಿದಾಗೆಲ್ಲ ಎಣಿಕೆ ಬಿಟ್ಟು ಮೊದಲಿಂದ ಶುರು ಮಾಡಿದ್ದೀನಿ. ಮೊದಲ ಹತ್ತು ವರ್ಷ ಗೊತ್ತಿಲ್ದೆ ಮಾಡ್ದೆ. ಆಮೇಲೆ ಗೊತ್ತಿದ್ದೂ ಮಾಡ್ದೆ. ತಪ್ಪು ನಂದು."

ಅಸ್ಕಾತನ ಮುಖ ಬಿಳಿಚಿಕೊಂಡಿತು. ಏಕೆಂದು ಎಲ್ಲರಿಗಿಂತ ಮೊದಲು ನನಗೆ ಹೊಳೆಯಿತು. ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತಾಗಲೂ ಅವನ ಮುಖ ಹಾಗೆಯೇ ಆಗುತ್ತಿತ್ತು. ಆ ಮಿತಿ ಕಟ್ಟುವಾಗ ಹೊಳೆ ಎಷ್ಟು ನುಗ್ಗುತ್ತದೆ ಎಂದು ಅವನಿಗೆ ಬೇಕಿತ್ತು. ಅದನ್ನು ಯಾರೂ ಅಳೆದಿರಲಿಲ್ಲ. ಹಾಗಾಗಿ ಮೂರು ಎಣಿಕೆಗಳ ನಡುವಿನ ವ್ಯತ್ಯಾಸವನ್ನೇ ಆಧಾರ ಮಾಡಿಕೊಂಡಿದ್ದ.

"ಇಪ್ಪತ್ತೊಂಬತ್ತು ವರ್ಷ ಮೂರಕ್ಕೆ ಮೂರೂ ಒಂದೇ ಥರ ಇತ್ತು," ಎಂದು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ. "ಈ ಹೊಳೆ ಸಾಧು ಅಂದ್ಕೊಂಡೆ ಮೇಷ್ಟ್ರೇ. ಅದಕ್ಕೇ ಮಿತಿನ ನಲವತ್ತರ ತನಕ ಏರಿಸ್ದೆ. ಇಲ್ಲದಿದ್ರೆ ಮೂವತ್ತೈದಕ್ಕೇ ನಿಲ್ಲಿಸ್ತಿದ್ದೆ."

"ಹಾಗಾದ್ರೆ ನೀನೇ ಹೋಗಿ ಎಣಿಸು," ಎಂದಳು ಕಲಿಚಾ. ನನ್ನ ಕಡೆ ತಿರುಗಿ, "ಮೇಷ್ಟ್ರೇ, ನಿಮ್ಮ ಸೀಟಿ ಇದ್ಯಾ?" ಎಂದು ಕೇಳಿದಳು. ಶಾಲೆಯ ಸೀಟಿ ನಿವೃತ್ತನಾದ ಮೇಲೂ ನನ್ನ ಕೊರಳಲ್ಲೇ ಇರುತ್ತದೆ. ಯಾಕೆಂದು ಹೆಂಡತಿ ಕೇಳಿ ಕೇಳಿ ಸೋತಿದ್ದಾಳೆ. "ಹೊಳೆಗೆ ಬೆನ್ನು ಹಾಕ್ಕೊಂಡು ನಿಂತ್ಕೊಳ್ಳಿ. ಗಡಿಯಾರ ನೋಡಿ ಐದೈದು ನಿಮಿಷಕ್ಕೆ ಒಂದು ಸಲ ಊದಿ. ನೀವು ಊದಿದಾಗ ಇವನು ಎಣಿಸೋಕೆ ಶುರು ಮಾಡ್ಲಿ. ನೀರು ಹೇಗಾದ್ರೂ ಇರ್ಲಿ."

ಊದಿದೆ. ಹೊಳೆಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ, ನಾಲ್ಕು ಸಲ. ನನ್ನ ಮುಂದೆ ಇನ್ನೂರು ಕಣ್ಣುಗಳು, ಸಾವಿರಾರು ಕುರಿಕಣ್ಣುಗಳು. ಅಷ್ಟು ಮೌನದಿಂದ ನನ್ನ ಯಾವ ತರಗತಿಯೂ ಕೂತಿರಲಿಲ್ಲ. ಅಸ್ಕಾತ್ ತಂತಿ ಎಳೆದುಕೊಂಡು ದಂಡೆಗೆ ವಾಪಸು ಬಂದಾಗ ಅವನ ಕೈಯಲ್ಲಿದ್ದ ಚೀಟಿಯಲ್ಲಿ ನಾಲ್ಕು ಅಂಕಿ ಇದ್ದವು. ಮೂವತ್ತೇಳು, ನಲವತ್ತೇಳು, ನಲವತ್ತು, ನಲವತ್ತನಾಲ್ಕು.

"ಸರಾಸರಿ ನಲವತ್ತೆರಡು," ಎಂದ.

"ಎರಡೇ ಜಾಸ್ತಿ ತಾನೆ?" ಎಂದು ಹಿಂದಿನಿಂದ ಯಾರೋ ಕೂಗಿದರು. "ಎರಡು ಟಿಣ್‌ಗೆ ಇಷ್ಟು ರಾದ್ಧಾಂತನಾ? ಬಿಸಿಲೇರ್ತಾ ಇದೆ, ಹೊರಡ್ರಪ್ಪ!"

ಅಸ್ಕಾತ್ ಕೈಯಲ್ಲಿದ್ದ ಚೀಟಿಯನ್ನು ಮಡಿಸಿದ, ಬಿಚ್ಚಿದ. ಹಾಯಬಾರದು ಎಂದು ಕಚೇರಿಗೆ ಬರೆಯಬೇಕಾದರೆ ಕಾರಣ ಬರೆಯಬೇಕು. ಕಾರಣ ಬರೆದರೆ ಅವಳ ಇಪ್ಪತ್ತೊಂಬತ್ತು ವರ್ಷದ ಪುಸ್ತಕಗಳು ಕಸ, ಅವನ ಮಿತಿಯೂ ಕಸ. ಅವನು ಹಾಗೇ ನಿಂತ. ಮಂದೆಯವರಲ್ಲಿ ಇಬ್ಬರು ಆಗಲೇ ಕುರಿಗಳನ್ನು ನೀರಿನ ಕಡೆಗೆ ನೂಕತೊಡಗಿದ್ದರು. ಮುಂದಿನ ಹೋತವೊಂದು ಮುಂಗಾಲನ್ನು ನೀರಿಗಿಟ್ಟು ಎತ್ತಿಕೊಂಡಿತು.

ಆಗ ಎಸೆನ್‌ಕುಲ್ ಕುದುರೆಯಿಂದ ಇಳಿದ. ಯಾರ ಮುಖವನ್ನೂ ನೋಡದೆ ಜೀನಿನ ಪಟ್ಟಿ ಬಿಚ್ಚಿದ. ಜೀನನ್ನು ಎತ್ತಿ ನೆಲದ ಮೇಲಿಟ್ಟ. ಆಮೇಲೆ ಸೊಸೆಯ ಕುದುರೆಯಿಂದ ತೊಟ್ಟಿಲನ್ನು ಇಳಿಸಿಕೊಂಡ.

"ಏನೋ ಇದು? ನೀನೂ ಕಾಳು ನಂಬೋಕೆ ಶುರು ಮಾಡಿದ್ಯಾ?" ಎಂದು ಅವನ ಜೊತೆಗಾರನೊಬ್ಬ ಹಂಗಿಸಿದ.

"ಕಾಳು ನಂಗೆ ಗೊತ್ತಿಲ್ಲ, ಗಂಟೇನೂ ಗೊತ್ತಿಲ್ಲ," ಎಂದ ಎಸೆನ್‌ಕುಲ್. "ಇವಳು ಗೊತ್ತು. ನಲವತ್ತೊಂಬತ್ತು ವರ್ಷದಿಂದ ಇವಳ ತಮ್ಮನಾಗಿದ್ದೀನಿ. ನನ್ನ ಕಾಲ ಮೇಲೆ ಬಿಸಿ ಚಹಾ ಸುರಿದಾಗ್ಲೂ ಕಾಲು ಯಾಕೆ ಅಲ್ಲಿಟ್ಟೆ ಅಂದೋಳು. ಇವತ್ತು ಊರೋರ ಮುಂದೆ ತಪ್ಪು ನಂದು ಅಂದ್ಲು. ಒಂದೇ ಒಂದು ಸಲ ಅಂದಿದ್ದಾಳೆ. ನಂಗೆ ಆ ಒಂದು ಸಲ ಸಾಕು. ನಾನು ಹಾಯಲ್ಲ. ಹಾಯೋರು ಹಾಯ್ಬೋದು, ನಿಮ್ಮಿಷ್ಟ."

ಯಾರೂ ಹಾಯಲಿಲ್ಲ. ಮೊದಲು ಹೊರಟವನೇ ಜೀನು ಬಿಚ್ಚಿದ ಮೇಲೆ ಎರಡನೆಯವನಾಗಲು ಯಾರಿಗೂ ಮನಸ್ಸು ಬರಲಿಲ್ಲ. ಕುರಿಗಳನ್ನು ಬೈಯುತ್ತ ಹಿಂದಕ್ಕೆ ತಿರುಗಿಸಿದರು. ಕಲಿಚಾ ಅಸ್ಕಾತನ ಹತ್ತಿರ ಹೋದಳು.

"ಬರಿ," ಎಂದಳು.

"ಎಜೆ, ಇದನ್ನ ಬರೆದ್ರೆ ನಿಮ್ಮನ್ನ..."

"ಗೊತ್ತು. ಬರಿ."

ಅವನು ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆದ. ಅವಳು ಕೆಳಗೆ ಸಹಿ ಹಾಕಿದಳು. ಅಕ್ಷರ ಯಾವತ್ತಿನ ಹಾಗೆ ದುಂಡಗಿತ್ತು.

ಎರಡು ದಿನ ಕಳೆದ ಮೇಲೆ ಹವೆ ತಣ್ಣಗಾಯಿತು. ಮೇಲೆ ಹಿಮ ಕರಗುವುದು ನಿಂತಿತು. ಮೂರನೆಯ ದಿನ ಬೆಳಗಾಗುತ್ತಲೇ ಕಲಿಚಾ ಅಳೆದಳು: ಐದು, ಮೂವತ್ತೊಂದು, ಐದು. ಕಾಯದೆ ಎಣಿಸಿದ ಗಂಟೆ ಮೂವತ್ತನಾಲ್ಕು. ಎಲ್ಲರೂ ಹಾಯ್ದರು. ಒಂದು ಟೋಪಿ ಮಾತ್ರ ತೇಲಿಹೋಯಿತು. ಆಚೆ ಹೋಗಿ ನೋಡಿದರೆ ಒಳ್ಳೆಯ ಇಳಿಜಾರನ್ನೆಲ್ಲ ಪಕ್ಕದ ಊರಿನವರ ಮಂದೆ ಹಿಡಿದಿತ್ತು. ಆ ಬೇಸಿಗೆಯೆಲ್ಲ ನಮ್ಮವರು ಕಲ್ಲುಗುಡ್ಡದಲ್ಲಿ ಮೇಯಿಸಿದರು, ಬೇಸಿಗೆಯೆಲ್ಲ ಕಲಿಚಾಳನ್ನು ಬೈದರು. ಆ ದಿನ ಹಾಯ್ದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ ಎಂದು ಹೇಳುವವರು ಈಗಲೂ ಇದ್ದಾರೆ. ಅವರ ಮಾತು ಸುಳ್ಳೆಂದು ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ತೊಟ್ಟಿಲಿನ ಮಗು ಬದುಕಿದೆ. ಅದು ಹಾಯ್ದಿದ್ದರೂ ಬದುಕಿರುತ್ತಿತ್ತೋ ಏನೋ.

ಶರತ್ಕಾಲದಲ್ಲಿ ಕಲಿಚಾಳಿಗೆ ಕಚೇರಿಯ ಕಾಗದ ಬಂತು. ಓದಿ ಹೇಳಲು ನನ್ನನ್ನು ಕರೆಸಿದಳು. ಅವಳಿಗೆ ಓದಲು ಬರುತ್ತದೆ, ಆದರೆ ಆ ದಿನ ಕನ್ನಡಕ ಸಿಗಲಿಲ್ಲ ಎಂದಳು. ಕನ್ನಡಕ ಕಿಟಕಿಯ ಮೇಲೆಯೇ ಇತ್ತು. ಕಾಗದದಲ್ಲಿ ಎರಡು ಸಂಗತಿ ಇದ್ದವು. ಒಂದು, ಎಪ್ಪತ್ತನಾಲ್ಕರಿಂದ ಈವರೆಗೆ ಈ ಹೊಳೆಯ ವೇಗದ ಲೆಕ್ಕಗಳು ನಂಬಲು ತಕ್ಕವಲ್ಲ, ಇನ್ನು ಮುಂದೆ ಅವನ್ನು ಯಾರೂ ಬಳಸಕೂಡದು. ಎರಡು, ಅವಳ ಸೇವೆ ಆ ತಿಂಗಳ ಕೊನೆಗೆ ಮುಗಿಯುತ್ತದೆ.

ನನಗೆ ಕೋಪ ಬಂತು. ಯಾರ ಮೇಲೆ ಎಂದು ಸರಿಯಾಗಿ ಗೊತ್ತಾಗಲಿಲ್ಲ. ಸುಳ್ಳನ್ನು ಅಚ್ಚುಕಟ್ಟೆಂದು ಹೊಗಳಿದ ಪತ್ರ ಗೋಡೆಯ ಮೇಲೆ ಚೌಕಟ್ಟಿನಲ್ಲಿ ಇನ್ನೂ ಹಲ್ಲು ಕಿಸಿಯುತ್ತಿತ್ತು.

ಕಲಿಚಾ ಚಹಾ ಬಗ್ಗಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಅಂಚು?" ಎಂದಳು.

"ಯಾವ ಅಂಚು?"

"ಪುಸ್ತಕದ ಅಂಚು ಮೇಷ್ಟ್ರೇ. ಅದನ್ನೂ ಹೊಡ್ದಾಕಿದ್ದಾರಾ?"

ಇನ್ನೊಮ್ಮೆ ಓದಿದೆ. ಅಂಚಿನ ಮಾತೇ ಇರಲಿಲ್ಲ.

"ಸರಿ ಹಾಗಾದ್ರೆ," ಎಂದು ಬಟ್ಟಲು ತುಂಬಿಸಿದಳು.

ಅದಾಗಿ ಎರಡು ವರ್ಷಕ್ಕೆ ಹೊಸ ಸೇತುವೆಯ ಮಾತು ಬಂತು. ಕಾಂಕ್ರೀಟಿನ ಕಂಬಗಳನ್ನು ಹೊಳೆಯೊಳಗೆ ನಿಲ್ಲಿಸಬೇಕು. ಕಂಬವನ್ನು ಕೆಡವುವುದು ಸರಾಸರಿ ನೀರಲ್ಲ, ನುಗ್ಗುವ ನೀರು. ಅದು ಎಷ್ಟು ನುಗ್ಗುತ್ತದೆ ಎಂದು ಯಾರನ್ನು ಕೇಳುವುದು? ಹೊಸದಾಗಿ ಅಳೆಯೋಣವೆಂದರೆ ಒಂದು ಬೇಸಿಗೆಯಷ್ಟೇ ಕೈಯಲ್ಲಿತ್ತು, ಒಂದು ಬೇಸಿಗೆಯಿಂದ ಈ ಹೊಳೆಯ ಗುಣ ತಿಳಿಯದು. ಒಂದು ದಿನ ಅಸ್ಕಾತ್ ಹತ್ತೊಂಬತ್ತು ಪುಸ್ತಕ ಹೊತ್ತುಕೊಂಡು ನನ್ನ ಬಾಗಿಲಿಗೆ ಬಂದ.

"ಮೇಷ್ಟ್ರೇ, ಪುಟಗಳ ಅಂಚಿನ ಕ‍ಡೆಯೆಲ್ಲ ಪೆನ್ಸಿಲ್ ಬರಹ ಇದೆ. ಮೂರು ಮೂರು ಅಂಕಿ. ಇಷ್ಟರಿಂದ ಏನಾದ್ರೂ ತೆಗೀಬೋದಾ?"

ತೆಗೆಯಬಹುದು. ನಾನು ತರಗತಿಯಲ್ಲಿ ಅದನ್ನೇ ಆಟದಂತೆ ಮಾಡಿಸುತ್ತಿದ್ದೆ. ಗೋಡೆಯ ಮೇಲೆ ಎರಡು ಗೆರೆ ಎಳೆದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸುವುದು. ಕೆಳಗಿನ ಗೆರೆಗಿಂತ ಗಿಡ್ಡ ಎಷ್ಟು ಜನ, ನಡುವೆ ಎಷ್ಟು, ಮೇಲಿನ ಗೆರೆ ಮೀರಿದವರು ಎಷ್ಟು. ಯಾರ ಎತ್ತರವನ್ನೂ ಅಳೆಯದೆ ಇಡೀ ತರಗತಿಯ ಎತ್ತರ ಹೇಗೆ ಹರಡಿದೆ ಎಂದು ಹೇಳಬಹುದು; ಅತಿ ಎತ್ತರದವನು ಎಲ್ಲಿಯ ತನಕ ಹೋದಾನು ಎಂಬುದನ್ನೂ ತಕ್ಕಮಟ್ಟಿಗೆ ಊಹಿಸಬಹುದು. ಆದರೆ ಆ ಎರಡು ಗೆರೆ ಎಲ್ಲಿವೆ ಎಂದು ಗೊತ್ತಿರಬೇಕು. ಕಲಿಚಾಳ ಗೆರೆಗಳು ಗೋಡೆಯ ಮೇಲಿರಲಿಲ್ಲ, ಅವಳ ಕೈಯ ತಾಳದಲ್ಲಿದ್ದವು.

ಹಾಗಾಗಿ ನಾವಿಬ್ಬರೂ ಅವಳ ಮನೆಗೆ ಹೋದೆವು. ಅಸ್ಕಾತ್ ಸಂಕೋಚದಿಂದ, "ಎಜೆ, ಸ್ವಲ್ಪ ಕುಮಿಸ್ ಕಡೆದು ತೋರಿಸ್ತೀರಾ? ನಾವು ಗಡಿಯಾರ ಹಿಡ್ಕೊಂಡು ಕೂತಿರ್ತೀವಿ" ಎಂದ.

"ಐವತ್ತು ವರ್ಷ ಕಡೆದೋಳಿಗೆ ಪರೀಕ್ಷೆ ಇಡೋಕೆ ಬಂದ್ರಾ ನೀವು?" ಎಂದು ಅವಳು ಸಿಡುಕಿದಳು. "ಭಿನ್ನರಾಶಿ ಬರದೋನು ಇವನು, ಹೇಳಿಕೊಡೋಕೆ ಬರದೋರು ನೀವು!"

ಆದರೂ ಕಡೆದಳು. ಒಂದು ಗಂಟೆ ಹೊತ್ತು, ಮೂರು ದಿನ. ಹೊಳೆಯ ಗಂಟೆ ಬಿದ್ದ ಹಾಗೆ ಅಸ್ಕಾತ್ ಚಮಚದಿಂದ ಬಟ್ಟಲು ಬಡಿದ, ಅವಳು ಕಾಳು ಹಾಕಿದಳು, ನಾನು ಬರೆದುಕೊಂಡೆ. ಕೊನೆಗೆ ಲೆಕ್ಕ ಹಾಕಿದರೆ ಗಡಿಯಾರಕ್ಕೂ ಅವಳ ತಾಳಕ್ಕೂ ನೂರಕ್ಕೆ ಎರಡರಷ್ಟು ವ್ಯತ್ಯಾಸ. ಹೇಳಿದೆ.

"ಗಡಿಯಾರ ಹಳೇದಾಗಿರ್ಬೇಕು," ಎಂದಳು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಎದ್ದು ಅವಳ ಕೈ ಹಿಡಿದುಕೊಂಡೆ. ಅವಳು ಏನೆಂದು ಗದರಿ ಕೈ ಬಿಡಿಸಿಕೊಂಡಳು.

ಹತ್ತೊಂಬತ್ತು ವರ್ಷದ ಅಂಚುಗಳನ್ನು ನಾವು ಆರು ವಾರ ಕೂತು ಲೆಕ್ಕ ಮಾಡಿದೆವು. ಅಸ್ಕಾತ್ ಈಗ ಭಿನ್ನರಾಶಿಯಲ್ಲಿ ಪರವಾಗಿಲ್ಲ. ಕಂಬಗಳನ್ನು ಮೊದಲು ಬರೆದಿದ್ದ ನಕ್ಷೆಗಿಂತ ಅರ್ಧ ಪಟ್ಟು ಹೆಚ್ಚು ದಪ್ಪ ಮಾಡಿದರು, ಬುಡವನ್ನು ಇನ್ನೂ ಒಂದೂವರೆ ಆಳು ಆಳಕ್ಕೆ ಇಳಿಸಿದರು.

ಸೇತುವೆಯ ಮೇಲೆ ಮೊದಲ ಸಲ ಮಂದೆ ಹೋದದ್ದು ಎರಡು ಸಾವಿರದ ಏಳರ ಜೂನ್‌ನಲ್ಲಿ. ಅಂಥ ನೀರನ್ನು ನಾನು ನೋಡಿರಲಿಲ್ಲ. ಕಂದುಬಣ್ಣದ ನೀರು ಕಂಬಗಳಿಗೆ ಬಡಿದು ಅರ್ಧ ಎತ್ತರಕ್ಕೆ ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಎಸೆನ್‌ಕುಲ್ ಸೇತುವೆಯ ಬಾಯಲ್ಲಿ ಕುದುರೆ ನಿಲ್ಲಿಸಿದ. ಜೀನಿನ ಮುಂದೆ, ಅವನ ಎರಡು ತೋಳುಗಳ ನಡುವೆ, ನಾಲ್ಕು ವರ್ಷದ ಮೊಮ್ಮಗ ಒಣಮೊಸರಿನ ಉಂಡೆ ಚೀಪುತ್ತ ಕೂತಿದ್ದ. ಹಿಂದೆ ಕುರಿಗಳು ಒತ್ತತೊಡಗಿದವು.

ಕಲಿಚಾ ನನ್ನ ಪಕ್ಕದಲ್ಲಿ ದಂಡೆಯ ಮೇಲಿದ್ದಳು. ಅವಳ ಮೊಣಕಾಲು ಮೆಲ್ಲಗೆ ಅಲ್ಲಾಡುತ್ತಿತ್ತು.

"ಯಾಕೋ ನಿಂತೆ?" ಎಂದು ಕೂಗಿದಳು.

"ನುಗ್ತಾ ಇದೆ, ಎಜೆ! ಸ್ವಲ್ಪ ಸುಮ್ನಾಗ್ಲಿ ಅಂತ!"

"ಸುಮ್ನಾಗ್ಲಿ ಅಂತ ಕಾಯ್ಬೇಡ. ಕಾದು ಕಾದು ನಾನು ಕೆಟ್ಟಿದ್ದು ಸಾಕು. ಈ ನುಗ್ಗೂ ಲೆಕ್ಕದೊಳಗಿದೆ. ಹೋಗು!"

ಅವನು ಕುದುರೆಯನ್ನು ಒದ್ದ. ಕುರಿಗಳು ಹಿಂದೆಯೇ ನುಗ್ಗಿದವು. ಎಲ್ಲ ದಾಟಲು ಮುಕ್ಕಾಲು ಗಂಟೆ ಹಿಡಿಯಿತು. ಮುಂದೆ ಕೂತಿದ್ದ ಮಗು ಒಣಮೊಸರು ಚೀಪುವುದರಲ್ಲೇ ಮುಳುಗಿತ್ತು, ಹೊಳೆಯ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ.